ಕೆಂಪು ದಾಸವಾಳ ಮತ್ತು ಗಿಂಪ್ 3: ಒಂದು ಮಳೆಗಾಲ ಬಳಸಿ ನೋಡಿದ ಮೇಲೆ

ನಮ್ಮನೆ ಬಾವಿಕಟ್ಟೆ ಪಕ್ಕ ಒಂದು ಕೆಂಪು ದಾಸವಾಳದ ಗಿಡ ಇದೆ. ಐದೆಸಳಿನ ಹಳೇ ಜಾತಿ. ದಿನಾ ದೇವರಿಗೆ ಅದೇ ಹೂವು. ಅದರ ಫೋಟೊ ಫೋನಿನಲ್ಲಿ ತೆಗೆದು ಅಮ್ಮನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿದವಳು, "ಇದ್ಯಾವ ಹೂವೋ? ಪ್ಲಾಸ್ಟಿಕ್ಕಿಂದಾ?" ಅಂದಳು. ಬಾವಿಕಟ್ಟೆ ಗಿಡದ್ದೇ ಅಂದರೆ ನಂಬಲಿಲ್ಲ. ಆಮೇಲೆ ಫೋಟೊ ದೊಡ್ಡದು ಮಾಡಿ ನೋಡಿದರೆ ಅವಳು ಹೇಳಿದ್ದು ಸರಿಯಾಗೇ ಇತ್ತು. ಎಸಳಿನ ಮೇಲಿನ ನರಗಳಿಲ್ಲ, ಬುಡದ ಕಡುಗೆಂಪು ಇಲ್ಲ, ಆ ಮಖಮಲ್ಲಿನಂಥ ಮೈ ಇಲ್ಲ. ಕೆಂಪು ಕಾಗದ ಕತ್ತರಿಸಿ ಎಲೆ ಮೇಲೆ ಅಂಟಿಸಿದ ಹಾಗಿತ್ತು.

ಆ ಒಂದು ಫೋಟೊ ಸರಿಮಾಡಬೇಕು ಅಂತ ಹೊರಟು ಗಿಂಪ್ ಅನ್ನುವ ಫೋಟೊ ತಿದ್ದುವ ಸಾಫ್ಟ್‌ವೇರ್ ಕಲಿತೆ. ಈಗ ಒಂದು ಪೂರ್ತಿ ಮಳೆಗಾಲ, ಡೇರೆ (ಡಾಲಿಯಾ) ಹೂವು ಬಿಡಲು ಶುರುವಾದಾಗಿಂದ ಅದರ ಗಡ್ಡೆ ಒಣಗಿಸಿ ಎತ್ತಿಡುವವರೆಗೆ, ಹೆಚ್ಚುಕಡಿಮೆ ದಿನಾ ರಾತ್ರಿ ಊಟ ಆದ ಮೇಲೆ ಅದರಲ್ಲಿ ಹೂವು, ಎಲೆ, ಜರಿಗಿಡದ ಫೋಟೊಗಳ ಮೇಲೆ ಕೆಲಸ ಮಾಡಿದ್ದೇನೆ. ಹಾಗಾಗಿ ಇದು ಎಲ್ಲ ಥರದ ಫೋಟೊಗೂ ಅನ್ವಯಿಸುವ ರಿವ್ಯೂ ಅಲ್ಲ. ಮದುವೆ ಫೋಟೊ, ಮುಖ ಬೆಳ್ಳಗೆ ಮಾಡುವುದು, ಅದೆಲ್ಲ ನನಗೆ ಗೊತ್ತಿಲ್ಲ. ಗಿಡ ಮತ್ತು ಹೂವಿಗೆ ಇದು ಹೇಗೆ, ಅಷ್ಟೇ ಹೇಳುತ್ತೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಗಿಂಪ್ ಪೂರ್ತಿ ಉಚಿತ. ಟ್ರಯಲ್ ಇಲ್ಲ, ಚಂದಾ ಇಲ್ಲ, ಫೋಟೊ ಮೇಲೆ ಅವರ ಮುದ್ರೆ ಬೀಳುವುದಿಲ್ಲ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. 1995ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್ ಶುರುಮಾಡಿದ್ದು. ಅಲ್ಲಿಂದ ಇಲ್ಲಿವರೆಗೆ ಸ್ವಯಂಸೇವಕರೇ ಎಳೆದುಕೊಂಡು ಬಂದಿದ್ದಾರೆ. 2018ರಲ್ಲಿ 2.10 ಬಂತು, ಅದಾದ ಮೇಲೆ ಏಳು ವರ್ಷ ಕಾಯಿಸಿ 2025ರ ಮಾರ್ಚ್‌ನಲ್ಲಿ 3.0 ಬಂತು. ನಾನು ಬಳಸಿದ್ದು ಈ ಮೂರನೇ ಆವೃತ್ತಿ. ಹಳೆಯದನ್ನು ಯಾವತ್ತೋ ಹಾಕಿಕೊಂಡು ಕೈಬಿಟ್ಟವರು ದಯವಿಟ್ಟು ಮತ್ತೊಮ್ಮೆ ನೋಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ. ಡೌನ್‌ಲೋಡ್ ಮಾತ್ರ ಗಿಂಪ್‌ನ ಸ್ವಂತ ಸೈಟಿನಿಂದಲೇ ಮಾಡಿ, ಹುಡುಕಿದಾಗ ಮೇಲೆ ಬರುವ ಜಾಹೀರಾತಿನ ಕೊಂಡಿ ಒತ್ತಬೇಡಿ.

ಇದಕ್ಕೆ ಮೊದಲು ತಿಂಗಳ ಚಂದಾ ಕಟ್ಟುವ ಒಂದು ಸಾಫ್ಟ್‌ವೇರ್ ಬಳಸುತ್ತಿದ್ದೆ. ಹೆಸರು ಬೇಡ. ಚೆನ್ನಾಗೇ ಇತ್ತು. ಆದರೆ ಎರಡು ತಿಂಗಳು ತೋಟದ ಕೆಲಸದಲ್ಲಿ ಕಂಪ್ಯೂಟರ್ ಮುಟ್ಟಲೇ ಇಲ್ಲ, ದುಡ್ಡು ಮಾತ್ರ ಖಾತೆಯಿಂದ ಹೋಗುತ್ತಲೇ ಇತ್ತು. ನಿಲ್ಲಿಸಿದೆ. ನಿಲ್ಲಿಸಿದ ಮೇಲೆ ಹಳೇ ಕೆಲಸದ ಫೈಲುಗಳನ್ನು ತೆರೆದು ತಿದ್ದಲು ಆಗಲಿಲ್ಲ. ನಾನೇ ಮಾಡಿಕೊಂಡ ಚಿತ್ರ ನನಗೇ ತೆರೆಯದೆ ಹೋದರೆ ಬೇಜಾರಾಗುತ್ತೆ ಅಲ್ವಾ? ಆ ಬೇಜಾರು ಇನ್ನೂ ಇದೆ.

ಈಗ ದಾಸವಾಳದ ವಿಷಯಕ್ಕೆ ಬರುತ್ತೇನೆ. ಇಡೀ ಅನುಭವದಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟದ್ದು ಇದೇ.

ಫೋಟೊದ ಪ್ರತಿ ಚುಕ್ಕಿಯಲ್ಲೂ ಕೆಂಪು, ಹಸಿರು, ನೀಲಿ ಅಂತ ಮೂರು ಅಂಕಿ ಇರುತ್ತವೆ, ಒಂದೊಂದೂ 0ರಿಂದ 255ರವರೆಗೆ. ಕ್ಯಾಮೆರಾ ಬೆಳಕಿನ ಲೆಕ್ಕ ಹಾಕುವುದು ಇಡೀ ದೃಶ್ಯ ನೋಡಿ. ಸುತ್ತ ಕಡುಹಸಿರು ಎಲೆ ಜಾಸ್ತಿ ಇದ್ದರೆ ಕತ್ತಲಾಗಿದೆ ಅಂದುಕೊಂಡು ಬೆಳಕು ಹೆಚ್ಚು ಮಾಡುತ್ತದೆ. ದಾಸವಾಳದ ಎಸಳು ಮೊದಲೇ ಕೆಂಪು ಬೆಳಕನ್ನೆಲ್ಲ ವಾಪಸ್ ಎಸೆಯುವಂಥದ್ದು. ಹಾಗಾಗಿ ಕೆಂಪಿನ ಅಂಕಿ 255ಕ್ಕೆ ಹೋಗಿ ಮುಟ್ಟಿಬಿಡುತ್ತದೆ. ಅದಕ್ಕಿಂತ ಮೇಲೆ ಜಾಗ ಇಲ್ಲ. ನರ ಇರುವ ಕಡೆಯೂ 255, ಇಲ್ಲದ ಕಡೆಯೂ 255. ಅಂಕಿ ಒಂದೇ ಆದ ಮೇಲೆ ನರ ಎಲ್ಲಿಂದ ಕಾಣಬೇಕು? ಅಮ್ಮನಿಗೆ ಪ್ಲಾಸ್ಟಿಕ್ ಕಂಡದ್ದು ಅದಕ್ಕೇ. ಗಿಂಪ್‌ನಲ್ಲಿ ಹಿಸ್ಟೋಗ್ರಾಮ್ (ಯಾವ ಅಂಕಿ ಎಷ್ಟು ಚುಕ್ಕಿಗಳಲ್ಲಿದೆ ಅಂತ ತೋರಿಸುವ ನಕ್ಷೆ) ತೆರೆದು ಕೆಂಪನ್ನು ಆರಿಸಿದರೆ ಬಲಗಡೆ ಗೋಡೆಗೆ ಒತ್ತಿಕೊಂಡು ನಿಂತ ಕಂಬ ಕಣ್ಣಿಗೇ ಕಾಣುತ್ತದೆ.

ಫೋನಿನ ಆ್ಯಪ್‌ಗಳಲ್ಲಿ ಇಂಥ ಫೋಟೊಗೆ ನಾವು ಮಾಡುವುದು ಏನು? ಬ್ರೈಟ್‌ನೆಸ್ ಇಳಿಸುತ್ತೇವೆ, ಕಾಂಟ್ರಾಸ್ಟ್ ಏರಿಸುತ್ತೇವೆ. ಕೆಂಪು ಕಾಗದ ಸ್ವಲ್ಪ ಮಬ್ಬಾದ ಕೆಂಪು ಕಾಗದ ಆಗುತ್ತದೆ, ಅಷ್ಟೇ.

ಗಿಂಪ್‌ನಲ್ಲಿ ಕಲರ್ಸ್ ಮೆನುವಿನ ಒಳಗೆ ಕಾಂಪೊನೆಂಟ್ಸ್, ಅದರೊಳಗೆ ಡಿಕಂಪೋಸ್ ಅಂತ ಇದೆ. ಅದನ್ನು ಒತ್ತಿದರೆ ಫೋಟೊ ಮೂರು ಕಪ್ಪುಬಿಳುಪು ಪದರಗಳಾಗಿ ಬಿಡಿಸಿಕೊಳ್ಳುತ್ತದೆ. ಕೆಂಪಿನ ಪದರದಲ್ಲಿ ನನ್ನ ಹೂವು ಇದ್ದ ಜಾಗದಲ್ಲಿ ಬರೀ ಬಿಳಿ ತೇಪೆ. ಅದನ್ನು ಮರೆಮಾಡಿ ಹಸಿರಿನ ಪದರ ನೋಡಿದೆ. ಹೂವು ಕತ್ತಲೆಯಲ್ಲಿತ್ತು, ಆದರೆ ಅಲ್ಲಿತ್ತು! ಬುಡದಿಂದ ಹೊರಟು ಅಂಚಿಗೆ ಹೋಗುತ್ತ ಕವಲೊಡೆಯುವ ಪ್ರತಿಯೊಂದು ನರ, ಎಸಳಿನ ಅಂಚಿನ ಸುಕ್ಕು, ನಡುವಿನ ಕೇಸರದ ಕಡ್ಡಿಯ ನೆರಳು ಎಸಳಿನ ಮೇಲೆ ಬಿದ್ದದ್ದು, ಎಲ್ಲ. ಹೂವು ಕಳೆದುಹೋಗಿರಲೇ ಇಲ್ಲ, ಬೇರೆ ಕೋಣೆಯಲ್ಲಿ ಕೂತಿತ್ತು. ಆ ರಾತ್ರಿ ಅದನ್ನು ನೋಡುತ್ತ ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ.

ಮುಂದಿನ ಕೆಲಸ ಸುಲಭ. ಆ ಹಸಿರಿನ ಪದರವನ್ನು ಕಾಪಿ ಮಾಡಿ ಮೂಲ ಫೋಟೊ ಮೇಲೆ ಹೊಸ ಪದರವಾಗಿ ಅಂಟಿಸಬೇಕು. ಬೆಳಕು-ಕತ್ತಲೆ ಹೊಂದಿಸುವ ಲೆವೆಲ್ಸ್ ತೆರೆದು ಬಲಗಡೆಯ ಬಿಳಿ ತ್ರಿಕೋನವನ್ನು ಎಡಕ್ಕೆ ಎಳೆದರೆ ಕತ್ತಲೆ ಬಿಡುತ್ತದೆ. ಪದರದ ಮೋಡ್ (ಕೆಳಗಿನದರ ಜೊತೆ ಬೆರೆಯುವ ರೀತಿ) ಸಾಫ್ಟ್ ಲೈಟ್ ಅಥವಾ ಮಲ್ಟಿಪ್ಲೈ ಮಾಡಿ, ಒಪಾಸಿಟಿ (ಪದರ ಎಷ್ಟು ಗಾಢವಾಗಿ ಕಾಣಬೇಕು ಅನ್ನುವುದು) ಇಳಿಸಿ. ನನ್ನ ಹೂವಿಗೆ ಮಲ್ಟಿಪ್ಲೈ, ಸುಮಾರು 40 ಸರಿಹೋಯ್ತು. ಎಲೆಗಳ ಮೇಲೆ ಪರಿಣಾಮ ಬೇಡ, ಹಾಗಾಗಿ ಕಪ್ಪು ಮಾಸ್ಕ್ (ಬಿಳಿ ಇದ್ದಲ್ಲಿ ಪದರವನ್ನು ಕಾಣಿಸುವ, ಕಪ್ಪು ಇದ್ದಲ್ಲಿ ಮರೆಮಾಡುವ ಹೊದಿಕೆ) ಹಾಕಿ, ಮೆತ್ತನೆ ಅಂಚಿನ ಬಿಳಿ ಬ್ರಶ್‌ನಿಂದ ಎಸಳಿನ ಮೇಲೆ ಮಾತ್ರ ಬಳಿದೆ. ಇಪ್ಪತ್ತು ನಿಮಿಷದ ಕೆಲಸ. ಬೆಳಗ್ಗೆ ಅಮ್ಮನಿಗೆ ತೋರಿಸಿದೆ. "ಹ್ಞಾಂ, ಇದು ನಮ್ದು" ಅಂದಳು. ಎರಡನೇ ಎಸಳಿನ ಅಂಚಿನಲ್ಲಿ ಇರುವೆ ಇದೆ ಅಂತಲೂ ಹೇಳಿದಳು. ನಾನು ಅದನ್ನು ನೋಡೇ ಇರಲಿಲ್ಲ.

ಒಂದು ಮಾತು ಸೇರಿಸಬೇಕು. ಮೂರೂ ಪದರದಲ್ಲಿ ಬಿಳಿ ತೇಪೆ ಆಗಿದ್ದರೆ ಯಾವ ಸಾಫ್ಟ್‌ವೇರೂ ಏನೂ ಮಾಡಲಾರದು. ಹಾಗಾಗಿ ತೆಗೆಯುವಾಗಲೇ ಫೋನಿನ ಪರದೆಯಲ್ಲಿ ಹೂವಿನ ಮೇಲೆ ಬೆರಳು ಒತ್ತಿ, ಪಕ್ಕದಲ್ಲಿ ಬರುವ ಸೂರ್ಯನ ಚಿಹ್ನೆಯನ್ನು ಸ್ವಲ್ಪ ಕೆಳಗೆ ಎಳೆಯಿರಿ. ನಂದಿಬಟ್ಟಲಿಗಂತೂ ಇದು ಬೇಕೇ ಬೇಕು. ಮಧ್ಯಾಹ್ನದ ಬಿಸಿಲಿನಲ್ಲಿ ತೆಗೆದ ಬಿಳಿ ಹೂವನ್ನು ಉಳಿಸುವ ದಾರಿ ನನಗೆ ಇವತ್ತಿಗೂ ಸಿಕ್ಕಿಲ್ಲ.

ಇನ್ನು ಮೂರನೇ ಆವೃತ್ತಿ ಯಾಕೆ ಮುಖ್ಯ ಅಂದೆನಲ್ಲ. ಮೊದಲು ಗಿಂಪ್‌ನಲ್ಲಿ ಒಂದು ಫಿಲ್ಟರ್ ಹಾಕಿದರೆ ಅದು ಫೋಟೊದೊಳಗೆ ಬೆರೆತೇ ಹೋಗುತ್ತಿತ್ತು, ಹಾಲಿಗೆ ಹಾಕಿದ ಸಕ್ಕರೆ ಥರ. ನಾಳೆ ನೋಡಿದಾಗ ಬಣ್ಣ ಜಾಸ್ತಿ ಆಯ್ತು ಅನ್ನಿಸಿದರೆ ಮೊದಲಿಂದ ಮಾಡಬೇಕು. ಈಗ ಹಾಗಲ್ಲ. ಹಾಕಿದ ಫಿಲ್ಟರ್ ಪದರದ ಪಕ್ಕದಲ್ಲಿ ಎಫ್ಎಕ್ಸ್ ಅನ್ನುವ ಸಣ್ಣ ಗುರುತಿನೊಳಗೆ ಬೇರೆಯಾಗಿಯೇ ಇರುತ್ತದೆ. ಬೇಕಾದಾಗ ತೆರೆದು ತಿದ್ದಬಹುದು, ಕಣ್ಣಿನ ಗುರುತು ಒತ್ತಿ ಆರಿಸಿ ನೋಡಬಹುದು, ತೆಗೆದೇ ಹಾಕಬಹುದು. ಹೂವಿನ ಬಣ್ಣದ ವಿಷಯದಲ್ಲಿ ಇದು ತುಂಬಾ ದೊಡ್ಡ ಅನುಕೂಲ, ಯಾಕೆಂದರೆ ರಾತ್ರಿ ಟ್ಯೂಬ್‌ಲೈಟಿನಲ್ಲಿ ಸರಿ ಕಂಡ ಬಣ್ಣ ಬೆಳಗ್ಗೆ ಗಿಡದ ಮುಂದೆ ಲ್ಯಾಪ್‌ಟಾಪ್ ಹಿಡಿದು ನೋಡಿದರೆ ಸರಿ ಇರುವುದಿಲ್ಲ. ನಾನು ಹಾಗೇ ಮಾಡುತ್ತೇನೆ. ಗಿಡದ ಹತ್ತಿರ ಹೋಗಿ, ಪಕ್ಕಪಕ್ಕ ಇಟ್ಟು, ತಿದ್ದುತ್ತೇನೆ.

ಹಸಿರಿನ ವಿಷಯವೂ ಹೇಳಬೇಕು. ಈಗಿನ ಫೋನುಗಳು ಎಲೆಗಳನ್ನು ಕಣ್ಣಿಗೆ ಚುಚ್ಚುವಷ್ಟು ಹಸಿರು ಮಾಡಿಬಿಡುತ್ತವೆ. ಹಲಸಿನ ಎಲೆಯ ಕಪ್ಪುಹಸಿರು, ಬಾಳೆ ಸುಳಿಯ ತಿಳಿಹಸಿರು, ಅಡಿಕೆ ಹಿಂಗಾರದ ಪಕ್ಕದ ಹಳದಿಹಸಿರು, ಇವೆಲ್ಲ ಬೇರೆಬೇರೆ ಅಲ್ವಾ? ಫೋನಿಗೆ ಎಲ್ಲ ಒಂದೇ. ಗಿಂಪ್‌ನ ಹ್ಯೂ-ಸ್ಯಾಚುರೇಶನ್‌ನಲ್ಲಿ ಆರು ಬಣ್ಣದ ಗುಂಡಿಗಳಿವೆ, ಒಂದೊಂದು ಬಣ್ಣದ ಛಾಯೆ (ಹ್ಯೂ) ಮತ್ತು ಗಾಢತೆಯನ್ನು (ಸ್ಯಾಚುರೇಶನ್) ಬೇರೆಯಾಗಿ ಹಿಡಿಯಬಹುದು. ಎಲೆ ಸರಿಮಾಡಲು ಎಲ್ಲರೂ ಹಸಿರಿನ ಗುಂಡಿ ಒತ್ತುತ್ತಾರೆ, ಏನೂ ಆಗಲಿಲ್ಲ ಅಂತ ಬಿಡುತ್ತಾರೆ. ಫೋಟೊದಲ್ಲಿನ ಎಲೆಯ ಬಣ್ಣ ಬಹಳ ಸಲ ಹಳದಿಯ ಲೆಕ್ಕಕ್ಕೆ ಬರುತ್ತದೆ. ಹಳದಿಯ ಸ್ಯಾಚುರೇಶನ್ ಇಳಿಸಿ ನೋಡಿ, ತೋಟ ತೋಟದ ಹಾಗೆ ಕಾಣುತ್ತದೆ.

ನೀಲಿ ಹೂವಿನದು ಬೇರೆ ಕಥೆ. ಶಂಖಪುಷ್ಪ ತೆಗೆದರೆ ನೇರಳೆ ಬರುತ್ತದೆ. 2022ರಲ್ಲಿ ಚಿಕ್ಕಮಗಳೂರಿನ ಗಿರಿಗಳಲ್ಲಿ ಕುರಿಂಜಿ ಅರಳಿದಾಗ ನಾವೂ ಹೋಗಿದ್ದೆವು. ಒಂದೇ ಗುಡ್ಡ, ಒಂದೇ ಹೊತ್ತು, ನಮ್ಮಲ್ಲಿ ನಾಲ್ಕು ಜನರ ಫೋನಿನಲ್ಲಿ ನಾಲ್ಕು ಬಣ್ಣ. ಒಬ್ಬರದರಲ್ಲಿ ನೀಲಿ, ಇನ್ನೊಬ್ಬರದರಲ್ಲಿ ಗುಲಾಬಿಗೆ ಹತ್ತಿರ. ಕ್ಯಾಮೆರಾ ನೋಡುವ ಬಗೆಯೂ ಕಣ್ಣು ನೋಡುವ ಬಗೆಯೂ ಒಂದೇ ಅಲ್ಲ, ನೀಲಿ ಹೂವಿನಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಫಿಲ್ಮ್ ಕಾಲದಲ್ಲೇ ಇದಕ್ಕೊಂದು ಹೆಸರಿತ್ತು, ಏಜರೇಟಮ್ ಎಫೆಕ್ಟ್ ಅಂತ. ಏಜರೇಟಮ್ ಅನ್ನುವ ನೀಲಿ ಹೂವು ಫಿಲ್ಮಿನಲ್ಲಿ ಗುಲಾಬಿಯಾಗಿ ಬರುತ್ತಿತ್ತು. ಆ ಹೂವು ವಾಪಸ್ ಎಸೆಯುವ ಕೆಂಪಿನಂಚಿನ ಬೆಳಕು ನಮ್ಮ ಕಣ್ಣಿಗೆ ಹೆಚ್ಚು ಕಾಣುವುದಿಲ್ಲ, ಫಿಲ್ಮ್ ಮಾತ್ರ ಅದನ್ನು ಹಿಡಿದುಬಿಡುತ್ತಿತ್ತು. ಗಿಂಪ್‌ನಲ್ಲಿ ನೀಲಿ ಮತ್ತು ಮಜೆಂಟಾ ಎರಡನ್ನೂ ಸ್ವಲ್ಪಸ್ವಲ್ಪ ಹ್ಯೂ ತಿರುಗಿಸಿ, ಓವರ್‌ಲ್ಯಾಪ್ ಅನ್ನುವುದನ್ನು ಏರಿಸಿದರೆ ಬಣ್ಣ ಒಡೆಯದೆ ಜಾಗಕ್ಕೆ ಬರುತ್ತದೆ. ಕುರಿಂಜಿ ಅರಳುವುದು ಹನ್ನೆರಡು ವರ್ಷಕ್ಕೊಮ್ಮೆ, ಮತ್ತೆ ಗಿಡದ ಪಕ್ಕ ಇಟ್ಟು ನೋಡಬೇಕೆಂದರೆ ಅಲ್ಲಿವರೆಗೆ ಕಾಯಬೇಕು. ಹಾಗಾಗಿ ಅದನ್ನು ನೆನಪಿನಿಂದ ಮಾಡಿದ್ದೇನೆ, ಅದು ಸರಿಯೇ ಅಂತ ಆಣೆ ಮಾಡಿ ಹೇಳಲಾರೆ.

ಹೂವನ್ನು ಹಿನ್ನೆಲೆಯಿಂದ ಬಿಡಿಸುವುದು ಎಲ್ಲರಿಗೂ ಬೇಕಾದ ಕೆಲಸ. ಇಲ್ಲಿ ಗಿಂಪ್ ಹಿಂದಿದೆ, ಮುಚ್ಚಿಡುವುದಿಲ್ಲ. ಬೇರೆ ಕಡೆ ಒಂದು ಗುಂಡಿ ಒತ್ತಿದರೆ ಎಐ ಹೂವನ್ನು ಹುಡುಕಿ ಕತ್ತರಿಸಿ ಕೊಡುತ್ತದೆ. ಇಲ್ಲಿ ಆ ಗುಂಡಿ ಇಲ್ಲ. ಫೋರ್‌ಗ್ರೌಂಡ್ ಸೆಲೆಕ್ಟ್ ಅಂತ ಇದೆ, ದೊಡ್ಡ ಫೋಟೊ ಆದರೆ ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲಿ ಅದು ಮುಗಿಯುವಷ್ಟರಲ್ಲಿ ಚಹಾ ಕುಡಿದು ಬರಬಹುದು. ಆದರೆ ಬಿಳಿ ಹೂವಿಗೆ ಒಂದು ಒಳದಾರಿ ಇದೆ. ಹಸಿರು ಎಲೆ ನೀಲಿ ಬೆಳಕನ್ನು ತುಂಬಾ ಕಡಿಮೆ ವಾಪಸ್ ಕೊಡುತ್ತದೆ, ಬಿಳಿ ಹೂವು ಪೂರ್ತಿ ಕೊಡುತ್ತದೆ. ಅಂದರೆ ನೀಲಿಯ ಪದರದಲ್ಲಿ ಎಲೆ ಕಪ್ಪು, ಹೂವು ಬಿಳಿ. ಅದೇ ಮಾಸ್ಕ್! ನಂದಿಬಟ್ಟಲಿನ ಫೋಟೊವನ್ನು ಡಿಕಂಪೋಸ್ ಮಾಡಿ, ನೀಲಿಯ ಪದರವನ್ನು ಲೆವೆಲ್ಸ್‌ನಲ್ಲಿ ಇನ್ನಷ್ಟು ಕಪ್ಪು ಮತ್ತು ಬಿಳಿ ಮಾಡಿ, ಮೂಲ ಪದರದ ಮಾಸ್ಕ್‌ನೊಳಗೆ ಅಂಟಿಸಿದರೆ ಮುಗಿಯಿತು. ಅಂಚು ಕತ್ತರಿಯಲ್ಲಿ ಕತ್ತರಿಸಿದ ಹಾಗಿರುವುದಿಲ್ಲ, ಎಸಳಿನ ಅಂಚು ಎಷ್ಟು ತೆಳುವೋ ಅಷ್ಟೇ ತೆಳುವಾಗಿ ಬರುತ್ತದೆ. ಮಲ್ಲಿಗೆ, ಸುಗಂಧರಾಜ, ಕಾಫಿ ಹೂವು, ಎಲ್ಲದಕ್ಕೂ ನಡೆಯುತ್ತದೆ. ಹಿಂದೆ ಆಕಾಶ ಇದ್ದರೆ ನಡೆಯುವುದಿಲ್ಲ, ಆಕಾಶದಲ್ಲೂ ನೀಲಿ ಇದೆಯಲ್ಲ.

ಹಿನ್ನೆಲೆ ಮಸುಕು ಮಾಡುವಾಗ ಎಲ್ಲರೂ ಮಾಡುವ ಒಂದು ತಪ್ಪು ಇದೆ, ನಾನೂ ತಿಂಗಳುಗಟ್ಟಲೆ ಮಾಡಿದೆ. ಫೋಟೊದ ಎರಡು ಪ್ರತಿ ಮಾಡಿ, ಕೆಳಗಿನದನ್ನು ಬ್ಲರ್ ಮಾಡಿ, ಮೇಲಿನದರಲ್ಲಿ ಹೂವನ್ನು ಮಾತ್ರ ಉಳಿಸುತ್ತೇವೆ. ಆಗ ಹೂವಿನ ಸುತ್ತ ಅದೇ ಬಣ್ಣದ ಹೊಗೆ ಕಾಣುತ್ತದೆ. ಹಳದಿ ಡೇರೆ ಆದರೆ ಸುತ್ತ ಹಳದಿ ಹೊಗೆ. ನೋಡಿದ ತಕ್ಷಣ ಇದು ಮಾಡಿದ್ದು ಅಂತ ಗೊತ್ತಾಗಿಬಿಡುತ್ತದೆ. ಕಾರಣ ಸರಳ, ಕೆಳಗಿನ ಪದರದಲ್ಲೂ ಹೂವು ಇದೆ, ಬ್ಲರ್ ಆದಾಗ ಅದರ ಬಣ್ಣ ಹರಡುತ್ತದೆ. ಕೆಳಗಿನ ಪದರದಲ್ಲಿ ಮೊದಲು ಒಂದು ಕಡೆಯದನ್ನು ಇನ್ನೊಂದು ಕಡೆ ಬಳಿಯುವ ಕ್ಲೋನ್ ಟೂಲ್ ಹಿಡಿದು ಹೂವನ್ನು ಎಲೆಗಳಿಂದ ಒರಟೊರಟಾಗಿ ಮುಚ್ಚಿಬಿಡಿ, ಆಮೇಲೆ ಬ್ಲರ್ ಮಾಡಿ. ಹೇಗೂ ಮಸುಕಾಗುವುದರಿಂದ ಅಚ್ಚುಕಟ್ಟು ಬೇಕಿಲ್ಲ. ಹೊಗೆ ಮಾಯ.

ಇಷ್ಟು ಹೇಳಿದ್ದು ಹೂವನ್ನು ಹೂವಾಗಿ ವಾಪಸ್ ಪಡೆಯುವ ಬಗ್ಗೆ. ನನ್ನ ಅಭಿಪ್ರಾಯದಲ್ಲಿ ಇದು ಮೊದಲು ಆಗಬೇಕು. ನೇರವಾಗಿ ಬಣ್ಣ ಬದಲಾಯಿಸಿ, ಮಿಂಚು ಹಾಕಿ, ಪೇಂಟಿಂಗ್ ಫಿಲ್ಟರ್ ಒತ್ತಿದರೆ ಕೆಳಗೆ ನಿಲ್ಲಲು ಏನೂ ಇರುವುದಿಲ್ಲ. ನರ ಇಲ್ಲದ ದಾಸವಾಳಕ್ಕೆ ಏನು ಅಲಂಕಾರ ಮಾಡಿದರೂ ಅದು ಕೆಂಪು ತೇಪೆಯೇ. ನರ ಬಂದ ಮೇಲೆ ಎಷ್ಟು ಬೇಕಾದರೂ ಆಡಬಹುದು, ಆಡಿದ್ದೇನೆ ಕೂಡ.

ನನಗೆ ಅತಿ ಇಷ್ಟವಾದದ್ದು ಜರಿಗಿಡದ ನೀಲಿ ಚಿತ್ರ. ಸಯನೋಟೈಪ್ ಅನ್ನುವ ಹಳೇ ಪದ್ಧತಿ ಕೇಳಿರಬಹುದು. 1842ರಲ್ಲಿ ಜಾನ್ ಹರ್ಷೆಲ್ ಕಂಡುಹಿಡಿದದ್ದು. ಕಬ್ಬಿಣದ ಲವಣ ಹಚ್ಚಿದ ಕಾಗದದ ಮೇಲೆ ಎಲೆಯನ್ನು ಇಟ್ಟು ಬಿಸಿಲಿಗೆ ಹಿಡಿದರೆ ಬಿಸಿಲು ಬಿದ್ದ ಜಾಗ ನೀಲಿ, ಎಲೆ ಇದ್ದ ಜಾಗ ಬಿಳಿ. ಮರುವರ್ಷದಿಂದಲೇ ಅನ್ನಾ ಅಟ್ಕಿನ್ಸ್ ಎಂಬ ಇಂಗ್ಲೆಂಡಿನ ಹೆಣ್ಣುಮಗಳು ಕಡಲಪಾಚಿಗಳನ್ನು ಹೀಗೆ ಅಚ್ಚೊತ್ತಿ ಪುಸ್ತಕ ಮಾಡಿದರು. ಫೋಟೊ ಇರುವ ಪುಸ್ತಕಗಳಲ್ಲೇ ಅದು ಬಹಳ ಮೊದಲಿನದು. ಆ ನೀಲಿ ನೋಡಿದಾಗಿನಿಂದ ನಮ್ಮ ಹಳ್ಳದ ಬದಿಯ ಜರಿಗಿಡಗಳನ್ನು ಹಾಗೆ ನೋಡಬೇಕು ಅನ್ನುವ ಆಸೆ ಇತ್ತು. ರಾಸಾಯನಿಕ ತರಿಸುವ ಅನುಕೂಲ ಇರಲಿಲ್ಲ, ಮಳೆಗಾಲದಲ್ಲಿ ಬಿಸಿಲೂ ಇರಲಿಲ್ಲ.

ಗಿಂಪ್‌ನಲ್ಲಿ ಮಾಡಿದ್ದು ಹೀಗೆ. ಜರಿಯ ಒಂದು ಗರಿಯನ್ನು ಕಿತ್ತು, ಒದ್ದೆ ಒರೆಸಿ, ಬಿಳಿ ಡ್ರಾಯಿಂಗ್ ಹಾಳೆ ಮೇಲೆ ಇಟ್ಟು ಜಗಲಿಯ ಬೆಳಕಿನಲ್ಲಿ ಮೇಲಿಂದ ನೇರವಾಗಿ ಫೋಟೊ ತೆಗೆದೆ. ಡಿಸ್ಯಾಚುರೇಟ್ ಮಾಡಿ ಕಪ್ಪುಬಿಳುಪು ಮಾಡಿದೆ. ಇನ್ವರ್ಟ್ ಮಾಡಿದಾಗ ಎಲೆ ಬೆಳ್ಳಗೆ, ಹಾಳೆ ಕಪ್ಪಗೆ ಆಯ್ತು. ಮುಂದಿನ ಬಣ್ಣ ಕಡುನೀಲಿ, ಹಿಂದಿನ ಬಣ್ಣ ಕೆನೆ, ಹೀಗಿಟ್ಟು ಗ್ರೇಡಿಯಂಟ್ ಮ್ಯಾಪ್ ಹಾಕಿದೆ. ಕಪ್ಪು ಇದ್ದಲ್ಲೆಲ್ಲ ನೀಲಿ, ಬಿಳಿ ಇದ್ದಲ್ಲೆಲ್ಲ ಕೆನೆ. ಇದು ಐದು ನಿಮಿಷ. ಆದರೆ ಅದು ಸತ್ತ ಹಾಗಿತ್ತು, ನೀಲಿ ಎಲ್ಲ ಕಡೆ ಒಂದೇ ಸಮ. ನಿಜವಾದ ಅಚ್ಚಿನಲ್ಲಿ ಕೈಯಿಂದ ದ್ರಾವಣ ಬಳಿದ ಬ್ರಶ್ಶಿನ ಗುರುತು ಅಂಚಿನಲ್ಲಿ ಕಾಣುತ್ತದೆ. ಹಾಗಾಗಿ ಒಂದು ಹಾಳೆ ಮೇಲೆ ಸುಣ್ಣ ಬಳಿಯುವ ಬ್ರಶ್ಶಿನಿಂದ ಶಾಯಿ ಬಳಿದು, ಅದರ ಫೋಟೊ ತೆಗೆದು, ಅದನ್ನು ಮಾಸ್ಕ್ ಮಾಡಿ ಹಾಕಿದೆ. ಆಗ ಜೀವ ಬಂತು. ಗರಿಯ ಕೆಳಗಿನ ಒಂದೆರಡು ಎಲೆ ಹಾಳೆಯಿಂದ ಸ್ವಲ್ಪ ಎದ್ದಿದ್ದವು, ಅಲ್ಲಿ ಅಂಚು ಮಸುಕಾಗಿ ತಿಳಿನೀಲಿ ಬಂದಿದೆ. ಬಿಸಿಲಿನಲ್ಲಿ ಮಾಡಿದ್ದರೂ ಅಲ್ಲಿ ಹಾಗೇ ಬರುತ್ತಿತ್ತು.

ಇನ್ನೊಂದು, ಹೂವಿನಿಂದ ರಂಗೋಲಿ. ಫಿಲ್ಟರ್‌ಗಳಲ್ಲಿ ಡಿಸ್ಟಾರ್ಟ್ಸ್ ಒಳಗೆ ಕೆಲಿಡೋಸ್ಕೋಪ್ ಇದೆ. ಜಾತ್ರೆಯಲ್ಲಿ ಬಳೆಚೂರು ಹಾಕಿದ ಕನ್ನಡಿ ಕೊಳವೆ ನೋಡುತ್ತಿದ್ದೆವಲ್ಲ, ಅದೇ. ಕನ್ನಡಿ ಎಷ್ಟು ಬೇಕು, ಎಷ್ಟು ತಿರುಗಿಸಬೇಕು ಅಂತ ಕೊಡಬಹುದು. ಇಡೀ ಹೂವು ಕೊಟ್ಟರೆ ಸಾಧಾರಣ ಚಿತ್ರ ಬರುತ್ತದೆ. ಗುಟ್ಟು ಇರುವುದು ಅಂಚಿನ ತುಣುಕು ಕೊಡುವುದರಲ್ಲಿ. ಕನಕಾಂಬರದ ಒಂದು ತೆನೆ, ಸೇವಂತಿಗೆಯ ಕಾಲು ಭಾಗ, ಪಾರಿಜಾತದ ಕೇಸರಿ ತೊಟ್ಟು. ಪಾರಿಜಾತದ ತೊಟ್ಟು ಎಂಟು ಕನ್ನಡಿಯಲ್ಲಿ ಸೇರಿ ಬಿಳಿ ನೆಲದ ಮೇಲೆ ಕೇಸರಿ ಎಳೆ ರಂಗೋಲಿ ಆಯ್ತು. ನಮ್ಮ ಅತ್ತಿಗೆ ಅದನ್ನು ನೋಡಿ ಮರುದಿನ ಅಂಗಳದಲ್ಲಿ ಹಾಗೇ ಬಿಡಿಸಿದರು, ಕೆಮ್ಮಣ್ಣು ಮತ್ತು ರಂಗೋಲಿ ಪುಡಿಯಲ್ಲಿ. ಅವರದ್ದೇ ಚೆನ್ನಾಗಿತ್ತು.

ಪದರಗಳ ಮೋಡ್ ಬಗ್ಗೆ ಹೊಸಬರಿಗೆ ಭಯ ಇರುತ್ತದೆ, ಪಟ್ಟಿ ಅಷ್ಟುದ್ದ ಇದೆ. ಎರಡು ಗೊತ್ತಿದ್ದರೆ ಸಾಕು. ಮಲ್ಟಿಪ್ಲೈ ಅಂದರೆ ಎರಡು ಫಿಲ್ಮ್ ಒಂದರ ಮೇಲೊಂದು ಇಟ್ಟು ಕಿಟಕಿ ಬೆಳಕಿಗೆ ಹಿಡಿದ ಹಾಗೆ, ಬಿಳಿ ಇದ್ದದ್ದು ಮಾಯವಾಗುತ್ತದೆ. ಸ್ಕ್ರೀನ್ ಅಂದರೆ ಒಂದೇ ಗೋಡೆಗೆ ಎರಡು ಪ್ರೊಜೆಕ್ಟರ್ ಬಿಟ್ಟ ಹಾಗೆ, ಕಪ್ಪು ಮಾಯವಾಗುತ್ತದೆ. ನೀರಿನಲ್ಲಿ ಕೊಳೆತು ಬಲೆಯಾದ ಅರಳಿ ಎಲೆಯನ್ನು ಕಪ್ಪು ಬಟ್ಟೆ ಮೇಲಿಟ್ಟು ತೆಗೆದ ಫೋಟೊವನ್ನು ತಾವರೆಯ ಮೇಲೆ ಸ್ಕ್ರೀನ್ ಮೋಡ್‌ನಲ್ಲಿ ಹಾಕಿ ನೋಡಿ. ಹೆಚ್ಚು ವಿವರಿಸುವುದಿಲ್ಲ.

ಕನ್ನಡ ಅಕ್ಷರ ಬರೆಯಲು ಗಿಂಪ್ ತುಂಬಾ ಒಳ್ಳೆಯದು. ಯೂನಿಕೋಡ್ ಫಾಂಟ್ ಇದ್ದರೆ ಒತ್ತಕ್ಷರ, ಅರ್ಕಾವತ್ತು ಎಲ್ಲ ಸರಿಯಾಗಿ ಕೂರುತ್ತವೆ, ಬೇರೆ ಸೆಟ್ಟಿಂಗ್ ಹುಡುಕಬೇಕಿಲ್ಲ. ಬಾಲೂ ತಮ್ಮ ದಪ್ಪಗೆ ದುಂಡಗೆ ಇದೆ, ಹೂವಿನ ಪಕ್ಕ ಚೆಂದ. ನೋಟೋ ಸೆರಿಫ್ ಕನ್ನಡ ಸ್ವಲ್ಪ ಗಂಭೀರ. ಅಣ್ಣನ ಮನೆ ಗೃಹಪ್ರವೇಶದ ಕರೆಯೋಲೆಯನ್ನು ನೀಲಿ ಜರಿಯ ಚಿತ್ರದ ಮೇಲೆ ಮಾಡಿದೆ. ನೀಲಿ ಅಶುಭ ಅಂತ ಯಾರೋ ಅಂದರು, ದಾಸವಾಳದ್ದೂ ಒಂದು ಮಾಡಿದೆ. ಪ್ರಿಂಟ್ ಮಾಡಿಸಿದಾಗ ದಾಸವಾಳ ಇಟ್ಟಿಗೆ ಬಣ್ಣ ಬಂತು. ಪರದೆಯ ಮೇಲಿನ ಹೊಳೆಯುವ ಕೆಂಪನ್ನು ಅಚ್ಚಿನ ಶಾಯಿ ತಲುಪಲಾರದು. ಗಿಂಪ್‌ನಲ್ಲಿ ಪ್ರೂಫ್ ಕಲರ್ಸ್ ಅಂತ ಇದೆ, ಅಚ್ಚಿನಲ್ಲಿ ಬಣ್ಣ ಎಷ್ಟು ಇಳಿಯುತ್ತದೆ ಅಂತ ಮೊದಲೇ ತೋರಿಸುತ್ತದೆ, ಅದಕ್ಕೆ ಆ ಅಚ್ಚಿನ ಬಣ್ಣಗಳ ವಿವರ ಇರುವ ಪ್ರೊಫೈಲ್ ಫೈಲ್ ಒಂದು ಬೇಕು. ಮುಂದಿನ ಸಲ ಪ್ರಿಂಟಿಂಗ್ ಪ್ರೆಸ್‌ನವರನ್ನು ಕೇಳಿ ಇಸಿದುಕೊಂಡೇ ಶುರುಮಾಡುತ್ತೇನೆ. ಅಚ್ಚಿನವರು ಬಳಸುವ ಸಿಎಂವೈಕೆ ಅನ್ನುವ ನಾಲ್ಕು ಶಾಯಿಗಳ ಬಣ್ಣದ ಲೆಕ್ಕದಲ್ಲಿ ನೇರವಾಗಿ ಕೆಲಸ ಮಾಡಲು ಗಿಂಪ್ ಬಿಡುವುದಿಲ್ಲ, ಕೊನೆಗೆ ಎಕ್ಸ್‌ಪೋರ್ಟ್ ಮಾಡುವಾಗ ಮಾತ್ರ ಸಾಧ್ಯ.

ಕೊರತೆಗಳು ಇನ್ನೂ ಇವೆ. ಕ್ಯಾಮೆರಾದ ರಾ ಫೈಲನ್ನು (ಕ್ಯಾಮೆರಾ ಹಿಡಿದದ್ದನ್ನು ತಿದ್ದದೆ ಹಾಗೇ ಇಟ್ಟ ಫೈಲ್) ಇದು ತಾನೇ ತೆರೆಯುವುದಿಲ್ಲ, ಡಾರ್ಕ್‌ಟೇಬಲ್ ಅಥವಾ ರಾಥೆರಪಿ ಜೊತೆಗೆ ಹಾಕಿಕೊಳ್ಳಬೇಕು. ಅವೂ ಉಚಿತ, ಆದರೆ ಕಲಿಯಲು ಇನ್ನೊಂದು ಸಾಫ್ಟ್‌ವೇರ್ ಆಯ್ತಲ್ಲ. ಸೇವ್ ಒತ್ತಿದರೆ ಗಿಂಪ್‌ನ ಸ್ವಂತ ಎಕ್ಸ್‌ಸಿಎಫ್ ಫೈಲ್ ಆಗುತ್ತದೆ, ಜೆಪೆಗ್ ಬೇಕಾದರೆ ಎಕ್ಸ್‌ಪೋರ್ಟ್ ಒತ್ತಬೇಕು. ನಾನು ಶುರುವಿನಲ್ಲಿ ಎಕ್ಸ್‌ಪೋರ್ಟ್ ಮಾತ್ರ ಮಾಡಿ ಮುಚ್ಚಿದೆ, ಪದರಗಳೆಲ್ಲ ಹೋದವು, ಒಂದು ವಾರದ ಡೇರೆ ಕೆಲಸ. ಎರಡನ್ನೂ ಮಾಡಿ. ಟೂಲ್‌ಗಳು ಗುಂಪುಗುಂಪಾಗಿ ಒಂದರ ಹಿಂದೆ ಒಂದು ಅಡಗಿರುತ್ತವೆ, ಒತ್ತಿ ಹಿಡಿದರೆ ಮಾತ್ರ ಕಾಣುತ್ತವೆ. 4 ಜಿಬಿ ರ‍್ಯಾಮಿನ ಲ್ಯಾಪ್‌ಟಾಪ್‌ನಲ್ಲಿ ಹತ್ತು ಪದರ ಆದ ಮೇಲೆ ನಿಧಾನ ಆಗುತ್ತದೆ, 8 ಇದ್ದರೆ ಒಳ್ಳೆಯದು. ಮೊದಲ ಎರಡು ವಾರ ಕಷ್ಟ. ಇದನ್ನು ನಾನು ಕಡಿಮೆ ಮಾಡಿ ಹೇಳುವುದಿಲ್ಲ.

ಫೋನಿನಲ್ಲೇ ಸಾಕು ಅನ್ನುವವರಿಗೆ ಸ್ನ್ಯಾಪ್‌ಸೀಡ್ ಇದೆ. ಗೂಗಲ್‌ನದು, ಉಚಿತ. ನಾನು ಇವತ್ತಿಗೂ ಬಳಸುತ್ತೇನೆ. ಅದರ ಸೆಲೆಕ್ಟಿವ್ ಟೂಲ್‌ನಲ್ಲಿ ಎಸಳಿನ ಮೇಲೆ ಒಂದು ಚುಕ್ಕಿ ಇಟ್ಟು, ಎರಡು ಬೆರಳಲ್ಲಿ ಹಿಗ್ಗಿಸಿ, ಅಷ್ಟು ಭಾಗದ ಬೆಳಕು ಮಾತ್ರ ತಿದ್ದಬಹುದು. ತೋಟದಲ್ಲೇ ನಿಂತು ಎರಡು ನಿಮಿಷದಲ್ಲಿ ಮಾಡಿ ಕಳಿಸಲು ಅದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಆದರೆ ಬಣ್ಣದ ಪದರ ಬಿಡಿಸಿ ಹಸಿರಿನೊಳಗೆ ಅಡಗಿದ ದಾಸವಾಳ ಹುಡುಕಲು ಅದರಿಂದ ಆಗುವುದಿಲ್ಲ.

ಒಂದು ವಿಷಯದಲ್ಲಿ ಮಾತ್ರ ಕಟ್ಟುನಿಟ್ಟು ಇರಲಿ. ಗಿಡ ಯಾವುದು ಅಂತ ಕೇಳಲು ಐನ್ಯಾಚುರಲಿಸ್ಟ್‌ನಂಥ ಕಡೆ ಹಾಕುವ ಫೋಟೊ ಕೈಯಾಡಿಸದ ಮೂಲ ಫೋಟೊನೇ ಆಗಿರಬೇಕು. ಎಲೆಯ ಅಂಚು, ಹೂವಿನ ಬಣ್ಣ, ಹುಳ ತಿಂದ ತೂತು, ಎಲ್ಲ ಅಲ್ಲಿ ಸಾಕ್ಷಿ. ನಾನು ಮೂಲ ಫೋಟೊಗಳನ್ನು ಬೇರೆ ಫೋಲ್ಡರಿನಲ್ಲಿ ಇಟ್ಟು, ಗಿಂಪ್‌ನಲ್ಲಿ ಪ್ರತಿಯನ್ನು ಮಾತ್ರ ತೆರೆಯುತ್ತೇನೆ. ಚಿತ್ರ ಮಾಡುವಾಗಲೂ ಹುಳ ತಿಂದ ತೂತನ್ನು ಹೀಲ್ ಟೂಲ್‌ನಿಂದ ಮುಚ್ಚುವುದಿಲ್ಲ. ಅದು ನನ್ನ ಇಷ್ಟ, ನಿಮ್ಮದು ಬೇರೆ ಇರಬಹುದು.

ಹಾಕಿಕೊಂಡರೆ ಮೊದಲ ದಿನ ಎಲ್ಲ ಮೆನು ತೆರೆದು ನೋಡಲು ಹೋಗಬೇಡಿ. ಮನೆ ಮುಂದಿನ ಒಂದು ಕೆಂಪು ಹೂವು ತೆಗೆಯಿರಿ, ದಾಸವಾಳ ಇಲ್ಲದಿದ್ದರೆ ಕೆಂಪು ಗುಲಾಬಿ. ಕಲರ್ಸ್, ಕಾಂಪೊನೆಂಟ್ಸ್, ಡಿಕಂಪೋಸ್. ಮೇಲಿನ ಕೆಂಪಿನ ಪದರದ ಕಣ್ಣು ಮುಚ್ಚಿ. ಹಸಿರಿನ ಪದರದಲ್ಲಿ ನಿಮ್ಮ ಹೂವಿನ ನರಗಳು ಕಾಣುತ್ತವೆಯಾ ಅಂತ ನೋಡಿ, ಕಂಡರೆ ಮುಂದಿನದನ್ನು ಮೇಲೆ ಹೇಳಿದ ಹಾಗೆ ಮಾಡಿ, ಕಾಣದಿದ್ದರೆ ನಾಳೆ ಬೆಳಗ್ಗೆ ಮೋಡ ಇದ್ದಾಗ ಸೂರ್ಯನ ಚಿಹ್ನೆ ಕೆಳಗೆಳೆದು ಇನ್ನೊಂದು ಫೋಟೊ ತೆಗೆಯಿರಿ.